ಹಳೆಯ ಬೇರಿಗೆ ಹೊಸ ಕಸಿ

ಹಳೆಯ ಮರವನ್ನು ಹೇಗೆ ನಡೆಸಿಕೊಳ್ಳಬೇಕೆಂಬುದನ್ನು ಮಲೆನಾಡಿನ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಮಿಡಿ ಚೆನ್ನಾಗಿಲ್ಲವೆಂಬ ಒಂದೇ ಕಾರಣಕ್ಕೆ ಗಟ್ಟಿ ಬೇರಿನ ಮಾವನ್ನು ಬುಡಸಮೇತ ಕಿತ್ತೊಗೆಯುವವರು ಇಲ್ಲಿ ವಿರಳ. ಒಳ್ಳೆಯ ಅಪ್ಪೆಮಿಡಿಯ ಕಡ್ಡಿ ತಂದು ಕಸಿ ಕಟ್ಟಿದರೆ ಬೇರು ಅದೇ ಉಳಿಯುತ್ತದೆ, ಫಲ ಬೇರೆಯಾಗುತ್ತದೆ. ಇಷ್ಟು ತಿಳಿದ ಜನರು ಕಂಪ್ಯೂಟರಿನ ವಿಷಯ ಬಂದಾಗ ಮಾತ್ರ ‘ಇದು ಹಳತಾಯಿತು, ಇನ್ನು ನಡೆಯದು, ಹೊಸತು ತನ್ನಿ’ ಎಂಬ ಪೇಟೆಯ ಮಾತನ್ನು ಮರುಪ್ರಶ್ನೆಯಿಲ್ಲದೆ ಒಪ್ಪಿಕೊಳ್ಳುತ್ತಿದ್ದಾರೆ.

ಈ ಮಾತು ಈಗ ಜೋರಾಗಿ ಕೇಳಿಬರಲು ಕಾರಣವಿದೆ. 2015ರಲ್ಲಿ ಬಿಡುಗಡೆಯಾದ ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಕಂಪನಿ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡವರಿಗೆ ಕೆಲಕಾಲದ ವಿಸ್ತರಣೆ ಪ್ರಕಟವಾಯಿತಾದರೂ ಅದು ಗಡುವನ್ನು ಮುಂದೂಡಿತೇ ಹೊರತು ಸಮಸ್ಯೆಯನ್ನು ಕಳೆಯಲಿಲ್ಲ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ‘ಟಿಪಿಎಂ 2.0’ ಎಂಬ ಭದ್ರತಾ ಬಿಲ್ಲೆಯೂ ಸುಮಾರು 2017ರ ಕೊನೆಯಿಂದೀಚಿನ ಸಂಸ್ಕಾರಕವೂ ಬೇಕು. ಅವಿಲ್ಲದ ಯಂತ್ರ ಎಷ್ಟೇ ಸುಸ್ಥಿತಿಯಲ್ಲಿದ್ದರೂ ಕಂಪನಿಯ ಪಾಲಿಗೆ ಅನರ್ಹ. ಇದರಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರುಗಳು ತ್ಯಾಜ್ಯವಾಗಬಹುದೆಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರ ಡಿಸೆಂಬರಿನಲ್ಲಿಯೇ ಅಂದಾಜಿಸಿತ್ತು.

ಬೆಂಬಲ ಮುಗಿದ ದಿನ ಯಂತ್ರ ನಿಲ್ಲುವುದಿಲ್ಲ. ತಂತ್ರಾಂಶದಲ್ಲಿ ಹೊಸದಾಗಿ ಕಂಡುಬರುವ ಬಿರುಕುಗಳಿಗೆ ತೇಪೆ ಹಾಕುವವರು ಇಲ್ಲದಂತಾಗುತ್ತದೆ, ಅಷ್ಟೆ. ಬೇಲಿ ಮುರಿದ ತೋಟದಲ್ಲಿ ಅಡಿಕೆ ಮರ ಬಿದ್ದುಹೋಗುವುದಿಲ್ಲ. ಆದರೆ ದನ ನುಗ್ಗುವುದು ಖಂಡಿತ. ಆದ್ದರಿಂದ ಅಂತಹ ಯಂತ್ರವನ್ನು ಹಾಗೆಯೇ ಅಂತರಜಾಲಕ್ಕೆ ಜೋಡಿಸಿಕೊಂಡು ಹಣಕಾಸಿನ ವ್ಯವಹಾರ ಮಾಡುವುದು ಅಪಾಯಕಾರಿ. ಹೀಗಿದ್ದರೂ, ಬೇಲಿ ಮುರಿದರೆ ಬೇಲಿ ಕಟ್ಟಬೇಕೋ, ತೋಟವನ್ನೇ ಕಡಿಯಬೇಕೋ?

ತೋಟ ಕಡಿಯುವುದರ ಲೆಕ್ಕ ದುಬಾರಿಯದು. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಂದಿನ ಒಂದು ಮೇಜಿನ ಕಂಪ್ಯೂಟರನ್ನು ಅದರ ಪರದೆಯೊಡನೆ ತಯಾರಿಸಲು 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕ, 1,500 ಕಿಲೋ ನೀರು ವ್ಯಯವಾಗುತ್ತಿತ್ತು. ಮನೆಯಲ್ಲಿ ಬಳಸುವ ಯಂತ್ರದ ಒಟ್ಟು ಆಯುಷ್ಯದ ಶಕ್ತಿವೆಚ್ಚದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು, ಅದು ಮನೆಗೆ ಬರುವ ಮೊದಲೇ ತಯಾರಿಕೆಯಲ್ಲಿ ಮುಗಿದಿರುತ್ತದೆಂದು ಅದೇ ಕಾಲದ ಲೆಕ್ಕಾಚಾರ ತೋರಿಸಿತು. ಅಂದರೆ ಯಂತ್ರವೊಂದು ಮೇಜಿನ ಮೇಲೆ ಕುಳಿತಾಗ ಅದರ ಹಿಂದೆ ಎಲ್ಲೋ ಒಂದು ಗುಡ್ಡ ಆಗಲೇ ಅಗೆಯಲ್ಪಟ್ಟಿದೆ. ಗಣಿಗಾರಿಕೆ ಗುಡ್ಡಕ್ಕೆ ಏನು ಮಾಡುತ್ತದೆಂಬುದನ್ನು ಕುದುರೆಮುಖವನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಅಗೆದ ಗುಡ್ಡವನ್ನು ಮರಳಿ ಕಟ್ಟಲಾಗದು. ಅದರಿಂದ ಬಂದ ಯಂತ್ರವನ್ನು ಇನ್ನೂ ಐದಾರು ವರ್ಷ ದುಡಿಸಿಕೊಳ್ಳುವುದಷ್ಟೇ ಮನುಷ್ಯರ ಕೈಯಲ್ಲಿರುವ ಪ್ರಾಯಶ್ಚಿತ್ತ.

ಎಸೆದದ್ದರ ಕಥೆಯೂ ಸಣ್ಣದಲ್ಲ. 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯವನ್ನು ಸೃಷ್ಟಿಸಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಸಂಸ್ಕರಿಸಿದ್ದಕ್ಕೆ ದಾಖಲೆಯಿರುವುದು ಶೇಕಡಾ 22.3ರಷ್ಟಕ್ಕೆ ಮಾತ್ರ. ಭಾರತದಲ್ಲಿ 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಘಟ್ಟದ ಹಳ್ಳಿಯಿಂದ ಅಧಿಕೃತ ಸಂಗ್ರಹ ಕೇಂದ್ರಕ್ಕಿಂತ ಗುಜರಿ ಅಂಗಡಿಯೇ ಹತ್ತಿರ. ತಾಮ್ರಕ್ಕಾಗಿ ತಂತಿ ಸುಟ್ಟರೆ ಹೊಗೆ ಊರಿಗೆ. ಹಳೆಯ ಪರದೆಯ ಗಾಜಿನ ಸೀಸ ಮಣ್ಣಿಗೆ, ಮಳೆಗಾಲದಲ್ಲಿ ಹಳ್ಳಕ್ಕೆ.

ಇನ್ನು ಕಸಿಯ ಮಾತು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಾನು ಬರೆದ ಲಿನಕ್ಸ್ ತಿರುಳನ್ನು ಜಗತ್ತಿನ ಮುಂದಿಟ್ಟರು. ಇವೆರಡೂ ಕೂಡಿ ಬೆಳೆದ ಮುಕ್ತ ತಂತ್ರಾಂಶವನ್ನು ಯಾರಾದರೂ ಬಳಸಬಹುದು, ತಿದ್ದಬಹುದು, ನೆರೆಯವರಿಗೆ ಹಂಚಬಹುದು. ಮನೆಯಲ್ಲಿ ಕಟ್ಟಿಟ್ಟ ಬೀಜದಂತೆ. ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಮುಂತಾದವು ಅದರ ತಳಿಗಳು. ಲಿನಕ್ಸ್ ಮಿಂಟ್‌ಗೆ ಬೇಕಾದದ್ದು ಕನಿಷ್ಠ 2 ಜಿಬಿ ಸ್ಮೃತಿ. 4 ಜಿಬಿ ಇದ್ದರೆ ಸಲೀಸು. 2024ರಲ್ಲಿ ಬಂದ ಅದರ 22ನೆಯ ಆವೃತ್ತಿಗೆ 2029ರವರೆಗೆ ಭದ್ರತಾ ತೇಪೆಗಳ ಭರವಸೆಯಿದೆ. ಪತ್ರ ಬರೆಯಲು, ಲೆಕ್ಕಪಟ್ಟಿ ಮಾಡಲು, ಅಂತರಜಾಲ ನೋಡಲು ಬೇಕಾದ ತಂತ್ರಾಂಶಗಳು ಅದರೊಡನೆಯೇ ಬರುತ್ತವೆ.

ಕಟ್ಟುವ ವಿಧಾನವೂ ಕಷ್ಟದ್ದಲ್ಲ. ಪೇಟೆಗೆ ಹೋದಾಗ ಒಬ್ಬರು ಇಳಿಸಿಕೊಂಡು 8 ಜಿಬಿಯ ಪೆನ್‌ಡ್ರೈವಿನಲ್ಲಿ ಸಿದ್ಧಪಡಿಸಿ ತಂದರೆ ಇಡೀ ಊರಿಗೆ ಸಾಕು. ಯಂತ್ರದ ಡಿಸ್ಕನ್ನು ಮುಟ್ಟದೆ, ಮೊದಲು ಪೆನ್‌ಡ್ರೈವಿನಿಂದಲೇ ಅದನ್ನು ನಡೆಸಿ ನೋಡಬಹುದು. ಪರದೆ, ಧ್ವನಿ, ವೈಫೈ, ಮುದ್ರಣಯಂತ್ರ ಎಲ್ಲವೂ ಒಗ್ಗಿದವೆಂದು ಖಾತ್ರಿಯಾದ ಬಳಿಕ, ಇರುವ ಕಡತಗಳನ್ನೆಲ್ಲ ಬೇರೆಡೆ ನಕಲಿಸಿಟ್ಟು ಅಳವಡಿಸಬೇಕು. ನಕಲಿಸುವ ಈ ಹೆಜ್ಜೆಯನ್ನು ಮರೆತವರು ಮಾತ್ರ ಪಶ್ಚಾತ್ತಾಪ ಪಟ್ಟಿದ್ದಾರೆ. ತಿರುಗುವ ಹಳೆಯ ಡಿಸ್ಕಿನ ಜಾಗದಲ್ಲಿ ಒಂದು ಎಸ್‌ಎಸ್‌ಡಿ ಕೂರಿಸಿದರೆ ಹತ್ತು ವರ್ಷದ ಯಂತ್ರವೂ ಲವಲವಿಕೆಯಿಂದ ಓಡುತ್ತದೆ.

ಕನ್ನಡದ ಗತಿಯೇನು ಎಂಬ ಪ್ರಶ್ನೆ ಸಹಜ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಗಣಕಯಂತ್ರದಲ್ಲಿ ಕನ್ನಡಕ್ಕೆ ತಕ್ಕ ಸ್ಥಾನ ದೊರೆಯಬೇಕೆಂದು ತಮ್ಮ ಕೊನೆಯ ವರ್ಷಗಳಲ್ಲಿ ಪಟ್ಟುಹಿಡಿದು ವಾದಿಸಿದ್ದನ್ನು ಈ ಸೀಮೆ ಮರೆತಿಲ್ಲ. ಇಂದು ಲಿನಕ್ಸ್‌ನಲ್ಲಿ ಯುನಿಕೋಡ್ ಕನ್ನಡ ಸರಾಗವಾಗಿ ಮೂಡುತ್ತದೆ. ನುಡಿಯಿಂದ ಪರಿಚಿತವಾದ ಕಗಪ ಕೀಲಿಮಣೆ ವಿನ್ಯಾಸವೂ ಲಭ್ಯವಿದೆ. ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪಿಸಿದ ಕಡತಗಳು ಮಾತ್ರ ನೇರವಾಗಿ ಓದಲು ಬಾರವು. ಅವನ್ನು ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಅದಕ್ಕೆ ಉಚಿತ ಪರಿವರ್ತಕಗಳಿವೆ. ಊರಿನ ನಡಾವಳಿ, ಸಂಘದ ದಾಖಲೆಗಳು ಮುಂದಿನ ತಲೆಮಾರಿಗೆ ಉಳಿಯಬೇಕಾದರೆ ಈ ಕೆಲಸ ಹೇಗೂ ಆಗಲೇಬೇಕಾದದ್ದು.

ಎಲ್ಲ ಮರಕ್ಕೂ ಕಸಿ ಹಿಡಿಯುವುದಿಲ್ಲವೆಂಬುದನ್ನೂ ಹೇಳಬೇಕು. ವಿಂಡೋಸ್‌ಗೆಂದೇ ಬರೆದ ಲೆಕ್ಕಪತ್ರ ತಂತ್ರಾಂಶವನ್ನು ನೆಚ್ಚಿದ ಸಹಕಾರ ಸಂಘ ಒಮ್ಮೆಗೇ ಬದಲಾಗಲಾರದು. ಅದು ಒಂದು ಯಂತ್ರವನ್ನು ಆ ಕೆಲಸಕ್ಕೆ ಮೀಸಲಿಟ್ಟು ಉಳಿದವನ್ನು ಬದಲಿಸಬಹುದು. ಕೆಲವು ಮುದ್ರಣಯಂತ್ರ, ಸ್ಕ್ಯಾನರುಗಳು ಮೊಂಡುತನ ಮಾಡುತ್ತವೆ. 32 ಬಿಟ್‌ನ ತೀರ ಹಳೆಯ ಯಂತ್ರಗಳ ಕೈಯನ್ನು ಮುಕ್ತ ಲೋಕವೂ ಬಿಡುತ್ತಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ನ್ನು ಅವುಗಳಲ್ಲಿ ಹೊಸದಾಗಿ ಅಳವಡಿಸಲಾಗದು. ದಪ್ಪ ಗಾಜಿನ ಪರದೆಯುಳ್ಳ, ವಿದ್ಯುತ್ ನುಂಗುವ ಅಂತಹ ಯಂತ್ರವನ್ನು ದಿನವಿಡೀ ಉರಿಸುವುದೂ ಪರಿಸರ ಪ್ರೇಮವಲ್ಲ. ಅದಕ್ಕೆ ಅಧಿಕೃತ ಸಂಗ್ರಹ ಕೇಂದ್ರವೇ ಸರಿಯಾದ ದಾರಿ. ಪ್ರಶ್ನೆಯಿರುವುದು ಕಳೆದ ಹತ್ತು–ಹದಿನೈದು ವರ್ಷಗಳ ಗಟ್ಟಿಮುಟ್ಟಾದ ಯಂತ್ರಗಳ ಬಗ್ಗೆ.

ಇದು ಕೈಗೂಡದ ಕನಸೆನ್ನುವವರು ನೆರೆಯ ಕೇರಳವನ್ನು ನೋಡಬಹುದು. ಅಲ್ಲಿನ ಸರ್ಕಾರಿ ಶಾಲೆಗಳು 2000ರ ದಶಕದಲ್ಲಿಯೇ ಮುಕ್ತ ತಂತ್ರಾಂಶಕ್ಕೆ ಹೊರಳಿದವು. ಕೈಟ್ ಎಂಬ ಸರ್ಕಾರಿ ಸಂಸ್ಥೆ ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ತನ್ನದೊಂದು ತಳಿಯನ್ನು ರೂಪಿಸಿದೆ. ಶಿಕ್ಷಕರಿಗೆ ಅದರಲ್ಲಿಯೇ ತರಬೇತಿ ನೀಡುತ್ತಿದೆ. ಘಟ್ಟದ ಆಚೆ ಸಾಧ್ಯವಾದದ್ದು ಈಚೆ ಅಸಾಧ್ಯವಾಗಲು ಕಾರಣವಿಲ್ಲ.

ಶಾಲೆಯ, ಗ್ರಂಥಾಲಯದ, ಸಂಘದ ಮೂಲೆಯಲ್ಲಿ ಮುಸುಕು ಹೊದ್ದು ಕುಳಿತ ಯಂತ್ರಗಳನ್ನು ಹರಾಜಿಗಿಡುವ ಠರಾವು ಬರೆಯುವ ಮೊದಲು, ಆಡಳಿತ ಮಂಡಳಿಗಳು ಊರಿನ ವಿದ್ಯಾರ್ಥಿಗಳನ್ನು ಒಂದು ದಿನ ಕರೆಯಲಿ. ಒಂದು ಪೆನ್‌ಡ್ರೈವು, ಒಂದು ಸ್ಕ್ರೂಡ್ರೈವರು, ಧೂಳು ಒರೆಸುವ ಬಟ್ಟೆ ಇಷ್ಟರಿಂದ ಕೆಲಸ ಆರಂಭವಾಗುತ್ತದೆ. ಬೇರು ಜೀವಂತವಿದೆಯೇ ಎಂದು ಚಿವುಟಿ ನೋಡದೆ ಮರ ಸತ್ತಿತೆಂದು ಹೇಳುವ ಅಭ್ಯಾಸ ಮಲೆನಾಡಿನದಲ್ಲ.