ಚಿನ್ನ ಹೋಯಿತು, ದಿಬ್ಬ ಉಳಿಯಿತು: ಬುದ್ಧಿವಂತ ಯಂತ್ರದ ದಾಹಕ್ಕೆ ಯಾರ ನೀರು?

ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಒಮ್ಮೆಯಾದರೂ ಹೋದವರಿಗೆ ಅಲ್ಲಿನ ಸೈನೈಡ್ ದಿಬ್ಬಗಳ ಪರಿಚಯ ಇದ್ದೇ ಇರುತ್ತದೆ. ಬಂಡೆಯನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡ ಬಳಿಕ ಹೊರಚೆಲ್ಲಿದ ಮಣ್ಣಿನ ಗುಡ್ಡಗಳವು. ಅಂದಾಜು 3.3 ಕೋಟಿ ಟನ್ ಮಣ್ಣು ಅಲ್ಲಿ ಬಿದ್ದಿದೆ. ಗಾಳಿ ಬೀಸಿದರೆ ಅದರ ಧೂಳು ಮನೆಗಳೊಳಗೆ ನುಗ್ಗುತ್ತದೆ. ಮಳೆ ಬಂದರೆ ಹರಿದು ಹೊಲಗಳಿಗಿಳಿಯುತ್ತದೆ. ನೂರಿಪ್ಪತ್ತು ವರ್ಷಗಳಲ್ಲಿ ಆ ನೆಲದಿಂದ ಸುಮಾರು 800 ಟನ್ ಚಿನ್ನ ಹೊರಗೆ ಹೋಯಿತು. 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು. ಚಿನ್ನ ಎಲ್ಲಿಗೆ ಹೋಯಿತೆಂದು ಅದನ್ನು ಅಗೆದವರ ಮೊಮ್ಮಕ್ಕಳಿಗೆ ತಿಳಿಯದು. ದಿಬ್ಬ ಮಾತ್ರ ಅವರ ಬಾಗಿಲಲ್ಲೇ ಇದೆ.

ಹಳೆಯ ಗಣಿಯ ಈ ಕಥೆಯನ್ನು ನಾವು ಇಂದು ನೆನಪಿಸುತ್ತಿರುವುದು ಒಂದು ಹೊಸ ಗಣಿಯ ಸಲುವಾಗಿ. ಕೃತಕ ಬುದ್ಧಿಮತ್ತೆ ಎಂಬ ಮಾತು ಇಂದು ಪ್ರತಿ ಮನೆಯಲ್ಲೂ ಕೇಳಿಬರುತ್ತಿದೆ. ಹೈಸ್ಕೂಲಿನ ಮಗು ಮನೆಪಾಠದ ಪ್ರಶ್ನೆಯನ್ನು ಮೊಬೈಲಿಗೆ ಕೇಳುತ್ತದೆ. ಅಂಗಡಿಯವರು ಜಾಹೀರಾತಿನ ಚಿತ್ರವನ್ನು ಅದರಿಂದಲೇ ಬರೆಸುತ್ತಾರೆ. ಉತ್ತರ ಕ್ಷಣದಲ್ಲಿ ಬರುತ್ತದೆ, ಹಣವೂ ಬೇಕಿಲ್ಲ. ಆದ್ದರಿಂದ ಅದು ಗಾಳಿಯಿಂದ ಇಳಿದು ಬರುತ್ತದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ವಾಸ್ತವವೇನು? ಆ ಉತ್ತರ ಎಲ್ಲೋ ಒಂದು ಕಡೆ, ಡಾಟಾ ಸೆಂಟರ್ ಎಂದು ಕರೆಯಲಾಗುವ ಕಟ್ಟಡದೊಳಗೆ, ಹಗಲಿರುಳು ನಡೆಯುವ ಸಾವಿರಾರು ಯಂತ್ರಗಳಲ್ಲಿ ತಯಾರಾಗುತ್ತದೆ. ಆ ಯಂತ್ರಗಳು ಕುಡಿಯುವ ವಿದ್ಯುತ್ತು ಬಹುತೇಕ ಪೂರ್ತಿಯಾಗಿ ಶಾಖವಾಗಿ ಬದಲಾಗುತ್ತದೆ. ಶಾಖವನ್ನು ಹೊರಹಾಕದಿದ್ದರೆ ಯಂತ್ರ ಕೆಡುತ್ತದೆ. ಹಲವು ಕಡೆ ಇದಕ್ಕಾಗಿ ನೀರನ್ನು ಆವಿಯಾಗಿಸಿ ತಂಪು ಮಾಡುತ್ತಾರೆ. ಆವಿಯಾದ ನೀರು ಆ ಊರಿನ ಕೆರೆಗೆ ಮರಳುವುದಿಲ್ಲ. ಇದರ ಮೇಲೆ, ವಿದ್ಯುತ್ ತಯಾರಿಸುವ ಕಲ್ಲಿದ್ದಲಿನ ಸ್ಥಾವರಗಳು ಬಳಸುವ ನೀರು ಬೇರೆ.

ಲೆಕ್ಕವನ್ನು ಸ್ವಲ್ಪ ನೋಡೋಣ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯು 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2024ರಲ್ಲಿ ಜಗತ್ತಿನ ಡಾಟಾ ಸೆಂಟರ್‌ಗಳು ಬಳಸಿದ ವಿದ್ಯುತ್ತು ಸುಮಾರು 41,500 ಕೋಟಿ ಯೂನಿಟ್. ಇದು ಜಗತ್ತಿನ ಒಟ್ಟು ಬಳಕೆಯ ಶೇ. 1.5. 2030ರ ವೇಳೆಗೆ ಇದು ಇಮ್ಮಡಿಗೂ ಮೀರಿ 94,500 ಕೋಟಿ ಯೂನಿಟ್ ಆದೀತೆಂದು ಆ ಸಂಸ್ಥೆ ಅಂದಾಜಿಸಿದೆ. ಶೇ. 1.5 ಎಂಬುದು ಸಣ್ಣ ಪ್ರಮಾಣವಲ್ಲವೇ ಎಂದು ಕೇಳಬಹುದು. ಆದರೆ ಈ ಹೊರೆ ಜಗತ್ತಿನ ಮೇಲೆ ಸಮನಾಗಿ ಹಂಚಿಹೋಗುವುದಿಲ್ಲ. ಕೆಲವೇ ಊರುಗಳ ತಲೆಯ ಮೇಲೆ ಬೀಳುತ್ತದೆ. ಐರ್ಲೆಂಡ್ ದೇಶದಲ್ಲಿ 2023ರಲ್ಲಿ ಡಾಟಾ ಸೆಂಟರ್‌ಗಳ ಪಾಲು ಶೇ. 21ಕ್ಕೆ ಏರಿತು. ಅದೇ ವರ್ಷ ಆ ದೇಶದ ಪಟ್ಟಣಗಳ ಎಲ್ಲ ಮನೆಗಳು ಸೇರಿ ಬಳಸಿದ್ದು ಶೇ. 18 ಮಾತ್ರ. ಒಂದು ದೇಶದ ಪಟ್ಟಣವಾಸಿಗಳ ಒಲೆ, ದೀಪ, ಫ್ರಿಜ್ಜುಗಳೆಲ್ಲ ಒಂದು ಕಡೆ, ಬೆರಳೆಣಿಕೆಯ ಕಂಪೆನಿಗಳ ಯಂತ್ರಗಳು ಇನ್ನೊಂದು ಕಡೆ. ತಕ್ಕಡಿ ಯಂತ್ರಗಳ ಕಡೆಗೆ ವಾಲಿತು.

ಒಂದು ಪ್ರಶ್ನೆಗೆ ಖರ್ಚಾಗುವುದು ಅತ್ಯಲ್ಪ ಎಂದು ಕಂಪೆನಿಗಳು ಹೇಳುತ್ತಿವೆ. ಅದು ಸುಳ್ಳೆಂದು ನಾವು ಹೇಳುವುದಿಲ್ಲ. ತನ್ನ ಜೆಮಿನೈ ನೀಡುವ ಒಂದು ಸಾಮಾನ್ಯ ಬರಹದ ಉತ್ತರಕ್ಕೆ 0.24 ವ್ಯಾಟ್-ಗಂಟೆ ವಿದ್ಯುತ್ತು ಮತ್ತು ಸುಮಾರು ಐದು ಹನಿ ನೀರು ಸಾಕೆಂದು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಆದರೆ ಹನಿಹನಿಗೂಡಿದರೆ ಹಳ್ಳ ಎಂಬ ಗಾದೆ ನಮ್ಮ ಹಿರಿಯರದ್ದು. ಅದೇ ಕಂಪೆನಿಯ ಡಾಟಾ ಸೆಂಟರ್‌ಗಳು 2023ರ ಒಂದೇ ವರ್ಷದಲ್ಲಿ ಬಳಸಿ ಮುಗಿಸಿದ ನೀರು ಸುಮಾರು 2,300 ಕೋಟಿ ಲೀಟರ್. ಕೋಲಾರದ ಓದುಗರಿಗೆ ಇದನ್ನು ಸುಲಭವಾಗಿ ಹೇಳಬಹುದು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ನಮ್ಮ ಕೆರೆಗಳಿಗೆ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿತ ನೀರು ಹರಿಸುವುದೆಂದು ಯೋಜನೆ ರೂಪಿಸಲಾಗಿತ್ತಲ್ಲವೇ? ಆ ಕೊಳವೆ ಪೂರ್ಣ ಪ್ರಮಾಣದಲ್ಲಿ ಐವತ್ತೆರಡು ದಿನ ಹರಿದರೆ ಎಷ್ಟೋ ಅಷ್ಟು.

ಇದೆಲ್ಲ ದೂರದ ದೇಶಗಳ ಸಂಗತಿ ಎಂದು ಸುಮ್ಮನಿರುವಂತಿಲ್ಲ. ಕರ್ನಾಟಕ ಸರಕಾರ 2022ರಿಂದ 2027ರವರೆಗಿನ ಡಾಟಾ ಸೆಂಟರ್ ನೀತಿಯನ್ನು ಪ್ರಕಟಿಸಿ ಈ ಉದ್ಯಮಕ್ಕೆ ರಿಯಾಯಿತಿಗಳನ್ನು ಘೋಷಿಸಿದೆ. ನೆರೆಯ ಆಂಧ್ರಪ್ರದೇಶದ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡುವುದಾಗಿ ಗೂಗಲ್ 2025ರ ಅಕ್ಟೋಬರ್‌ನಲ್ಲಿ ಘೋಷಿಸಿತು. ಬಂಗಾರಪೇಟೆಯಿಂದ ಮುಂಜಾನೆಯ ರೈಲು ಹತ್ತಿ ಕೂಲಿ ಅರಸಿ ಹೋಗುವ ನಮ್ಮ ಯುವಕರು ದಾಟುವ ವೈಟ್‌ಫೀಲ್ಡ್‌ನಲ್ಲಿಯೂ ಡಾಟಾ ಸೆಂಟರ್‌ಗಳಿವೆ. ರಾಜ್ಯಗಳು ಪರಸ್ಪರ ಪೈಪೋಟಿಗಿಳಿದು ಭೂಮಿ, ವಿದ್ಯುತ್ತು, ತೆರಿಗೆ ವಿನಾಯಿತಿಗಳನ್ನು ಕೈಗಿಡುತ್ತಿರುವಾಗ, ನಾಳೆ ಈ ಉದ್ಯಮ ಅಗ್ಗದ ನೆಲ ಹುಡುಕುತ್ತಾ ನಮ್ಮ ಜಿಲ್ಲೆಯತ್ತ ಬರುವುದಿಲ್ಲವೆಂದು ಯಾರು ಹೇಳಬಲ್ಲರು? ಬಂದಾಗ ಏನು ಕೇಳಬೇಕೆಂದು ಇಂದೇ ಯೋಚಿಸುವುದು ಜಾಣತನ.

ಇದಕ್ಕೆ ಬೇರೆಲ್ಲೋ ಪಾಠ ಹುಡುಕಬೇಕಿಲ್ಲ. ಯಂತ್ರಕ್ಕೆ ಮೊದಲು, ಮನುಷ್ಯನಿಗೆ ಆಮೇಲೆ ಎಂಬ ನೀತಿಯನ್ನು ನಮ್ಮ ಜಿಲ್ಲೆ ಈ ಹಿಂದೆಯೇ ಅನುಭವಿಸಿದೆ. 1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದ ಕಾವೇರಿಯಿಂದ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಬಂದು ಕೆಜಿಎಫ್ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ. ಈ ದಾಖಲೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ವಿದ್ಯುತ್ತು ಬಂದದ್ದು ಯಾರಿಗಾಗಿ? ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಸಂಸ್ಥೆ ನಡೆಸುತ್ತಿದ್ದ ಗಣಿಗಳ ಯಂತ್ರಗಳಿಗಾಗಿ. ಸುತ್ತಲಿನ ಹಳ್ಳಿಗಳಿಗೆ ಬೆಳಕು ಬರಲು ಮುಂದೆ ದಶಕಗಳೇ ಹಿಡಿದವು. ಬೇಸಿಗೆಯಲ್ಲಿ ಹೊಳೆಯ ಹರಿವು ಕುಗ್ಗಿದಾಗಲೂ ಗಣಿಗೆ ವಿದ್ಯುತ್ತು ತಪ್ಪಬಾರದೆಂಬುದು 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲೊಂದಾಗಿತ್ತು. ಒಂದು ಯಂತ್ರಕ್ಕೆ ಎಡೆಬಿಡದೆ ವಿದ್ಯುತ್ತು ಒದಗಿಸುತ್ತೇವೆಂದು ಮಾತು ಕೊಟ್ಟರೆ ನದಿಯೇ ಆ ಮಾತಿಗೆ ತಲೆಬಾಗಬೇಕಾಗುತ್ತದೆ.

ಇಂದಿನ ಡಾಟಾ ಸೆಂಟರ್‌ಗಳ ಬೇಡಿಕೆಯೂ ಅದೇ ಅಲ್ಲವೇ? ಅವುಗಳಿಗೆ ಒಂದು ಕ್ಷಣವೂ ವಿದ್ಯುತ್ತು ಕೈಕೊಡಬಾರದು. ಪಾವಗಡದ ಸೌರ ಉದ್ಯಾನ ಎಷ್ಟೇ ದೊಡ್ಡದಾಗಿರಲಿ, ಸೂರ್ಯ ಮುಳುಗಿದ ಮೇಲೆ ಅದರ ಕೆಲಸ ನಿಲ್ಲುತ್ತದೆ. ಆಗ ರಾಯಚೂರಿನ ಕಲ್ಲಿದ್ದಲೇ ಉರಿಯಬೇಕು. 2023ರ ಬರಗಾಲದಲ್ಲಿ ಪಂಪ್‌ಸೆಟ್ಟಿಗೆ ಏಳು ಗಂಟೆ ವಿದ್ಯುತ್ತು ಕೊಡಿರೆಂದು ರಾಜ್ಯದ ರೈತರು ಬೀದಿಗಿಳಿದದ್ದು ನೆನಪಿದೆ. ಅಂತಹ ಬರ ಮತ್ತೆ ಬಂದಾಗ ಇಪ್ಪತ್ನಾಲ್ಕು ಗಂಟೆಯ ಒಪ್ಪಂದವಿರುವ ಕಂಪೆನಿಗೂ ಏಳು ಗಂಟೆ ಬೇಡುವ ರೈತನಿಗೂ ನಡುವೆ ಸರಕಾರ ಯಾರ ಕೈ ಹಿಡಿದೀತು?

ನೀರಿನ ಪ್ರಶ್ನೆ ಇನ್ನೂ ಕಠಿಣವಾದುದು. ಕೋಲಾರ ಜಿಲ್ಲೆಯ ಅಂತರ್ಜಲ ಮಿತಿಮೀರಿ ಬಳಕೆಯಾಗಿದೆಯೆಂಬುದು ಸರಕಾರದ್ದೇ ದಾಖಲೆ. ಫ್ಲೋರೈಡ್ ಬೆರೆತ ಕೊಳವೆಬಾವಿಯ ನೀರು ಕುಡಿದ ಹಳ್ಳಿಗಳು ನಮ್ಮಲ್ಲಿವೆ. 2018ರಿಂದ ನಮ್ಮ ಕೆರೆಗಳು ತುಂಬಿದ್ದು ರಾಜಧಾನಿಯ ಚರಂಡಿ ನೀರನ್ನು ಎರಡು ಹಂತ ಶುದ್ಧೀಕರಿಸಿ ಹರಿಸಿದ್ದರಿಂದ. ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ಜಿಲ್ಲೆಯ ಹೋರಾಟಗಾರರು ವರ್ಷಗಟ್ಟಲೆ ಕೇಳಿದ್ದಾರೆ. ಡಾಟಾ ಸೆಂಟರ್‌ಗಳು ಕುಡಿಯುವ ನೀರನ್ನು ಮುಟ್ಟದೆ ಸಂಸ್ಕರಿತ ನೀರನ್ನೇ ಬಳಸಲಿ ಎಂಬ ಸಲಹೆ ಕೇಳಲು ಚೆನ್ನಾಗಿದೆ. 2024ರ ನೀರಿನ ಬಿಕ್ಕಟ್ಟಿನಲ್ಲಿ ಬೆಂಗಳೂರು ಜಲಮಂಡಳಿಯೂ ಕಂಪೆನಿಗಳಿಗೆ ಸಂಸ್ಕರಿತ ನೀರು ನೀಡಲು ಮುಂದಾಗಿತ್ತು. ಆದರೆ ಕೋಲಾರದ ಕೆರೆ ಕಾಯುತ್ತಿರುವುದೂ ಅದೇ ಸಂಸ್ಕರಿತ ನೀರಿಗೆ. ಹಣ ಕೊಡುವ ಗಿರಾಕಿ ಎದುರಿಗೆ ನಿಂತಾಗ ಹಣವಿಲ್ಲದ ಕೆರೆಯ ಪಾಲು ಎಷ್ಟು ದಿನ ಉಳಿದೀತೆಂಬ ಆತಂಕ ಅಕಾರಣವಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ನಾವು ಹೊಸ ವಿದ್ಯೆಯ ವಿರೋಧಿಗಳೆಂದು ಯಾರೂ ಭಾವಿಸಬಾರದು. ಮುದ್ರಣ ಯಂತ್ರ ಬಂದಾಗ, ಧ್ವನಿವರ್ಧಕ ಬಂದಾಗ ಹಿಂಜರಿದು ನಿಂತು ನಮ್ಮ ಸಮುದಾಯ ಕಳೆದುಕೊಂಡದ್ದು ಸಾಕು. ವೈದ್ಯರಿಗೆ ಕ್ಷ-ಕಿರಣದ ಚಿತ್ರ ಓದಲು, ಟ್ಯೂಷನ್ನಿಗೆ ಹಣವಿಲ್ಲದ ಹುಡುಗಿಗೆ ಲೆಕ್ಕದ ಪಾಠ ಹೇಳಲು ಈ ತಂತ್ರಜ್ಞಾನ ನೆರವಾಗುವುದಾದರೆ ಅದನ್ನು ಸ್ವಾಗತಿಸೋಣ. ಇಂಜಿನಿಯರಿಂಗ್ ಓದುವ ನಮ್ಮ ಮಕ್ಕಳು ಇದನ್ನು ಕಲಿಯಲೇಬೇಕು. ಉದ್ಯೋಗ ಬರುತ್ತದೆಂಬ ವಾದವನ್ನೂ ನಾವು ತಳ್ಳಿಹಾಕುವುದಿಲ್ಲ. ಗಣಿ ಮುಚ್ಚಿದ ಮೇಲೆ ಇಪ್ಪತ್ತೈದು ವರ್ಷಗಳಿಂದ ದಿನಕ್ಕೆ ಹಲವು ತಾಸು ರೈಲಿನಲ್ಲೇ ಕಳೆಯುತ್ತಿರುವ ಜನರಿಗೆ ಉದ್ಯೋಗದ ಬೆಲೆಯನ್ನು ನಾವು ಕಲಿಸಬೇಕಿಲ್ಲ. ಆದರೆ ಒಂದು ಸತ್ಯವನ್ನು ಮುಚ್ಚಿಡಬಾರದು. ಕಟ್ಟಡ ಏಳುವಾಗ ಕೂಲಿ ಸಿಗುತ್ತದೆ. ಎದ್ದು ನಿಂತ ಮೇಲೆ ಡಾಟಾ ಸೆಂಟರ್ ನಡೆಸಲು ಬೇಕಾಗುವುದು ಕೆಲವೇ ಜನ. ಗಣಿ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟು ಆಮೇಲೆ ದಿಬ್ಬ ಬಿಟ್ಟುಹೋಯಿತು. ಇದು ಅಷ್ಟು ಅನ್ನವನ್ನೂ ಕೊಡದು.

ಹಾಗಾದರೆ ಮಾಡಬೇಕಾದ್ದೇನು? ಪ್ರತಿಯೊಂದು ಡಾಟಾ ಸೆಂಟರ್ ಬಳಸಿದ ವಿದ್ಯುತ್ತು ಮತ್ತು ನೀರಿನ ಲೆಕ್ಕ ವರ್ಷಕ್ಕೊಮ್ಮೆ ಸಾರ್ವಜನಿಕರ ಮುಂದೆ ಬರಬೇಕು. ಅಂತರ್ಜಲ ಬತ್ತಿದ ತಾಲೂಕುಗಳಲ್ಲಿ ಇವುಗಳಿಗೆ ಕೊಳವೆಬಾವಿಯ ಅನುಮತಿ ಸಿಗಕೂಡದು. ಈಗಿರುವ ವಿದ್ಯುತ್ತಿನಲ್ಲಿ ಪಾಲು ಕೇಳುವ ಬದಲು ತಮಗೆ ಬೇಕಾದ ಶುದ್ಧ ವಿದ್ಯುತ್ತನ್ನೂ ಅದನ್ನು ರಾತ್ರಿಗೆ ಶೇಖರಿಸುವ ವ್ಯವಸ್ಥೆಯನ್ನೂ ಅವರೇ ಹೊಸದಾಗಿ ಒದಗಿಸಿಕೊಳ್ಳಲಿ. ಕೆಲವೇ ವರ್ಷಗಳಲ್ಲಿ ಹಳತಾಗುವ ಯಂತ್ರ ಮತ್ತು ಬ್ಯಾಟರಿಗಳ ವಿಲೇವಾರಿಯ ಹಣವನ್ನು ಬಾಗಿಲು ತೆರೆಯುವ ಮೊದಲೇ ಠೇವಣಿಯಾಗಿ ಇರಿಸಬೇಕು. ಈ ಕೊನೆಯ ಮಾತನ್ನು ಕೆಜಿಎಫ್‌ನವರಷ್ಟು ಅಧಿಕಾರಯುತವಾಗಿ ಹೇಳಬಲ್ಲವರು ಬೇರೆ ಯಾರೂ ಇಲ್ಲ. ಗಣಿ ಮುಚ್ಚಿ ಇಪ್ಪತ್ತಮೂರು ವರ್ಷಗಳಾದ ಮೇಲೆ, 2024ರ ಜೂನ್‌ನಲ್ಲಿ ರಾಜ್ಯ ಸಂಪುಟ 13 ದಿಬ್ಬಗಳ ವಿಷಯದಲ್ಲಿ ಒಂದು ತೀರ್ಮಾನ ಕೈಗೊಂಡಿತು. ಅದೂ ಅವುಗಳಲ್ಲಿ ಉಳಿದಿರುವ ಚಿನ್ನಕ್ಕಾಗಿ ಹರಾಜು ಹಾಕಲು ಒಪ್ಪಿಗೆ. ಧೂಳು ಕುಡಿದವರ ಆರೋಗ್ಯಕ್ಕಾಗಿ ಅಲ್ಲ.

ಈ ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ, ನಗರಸಭೆಯಲ್ಲಿ, ಮತ ಕೇಳಲು ಬರುವವರ ಮುಂದೆ ಎತ್ತಬೇಕಾದವರು ನಾವೇ. ಮೀಸಲಾತಿ, ವಕ್ಫ್, ಗಲಭೆಗಳ ಬಗ್ಗೆ ಮಾತ್ರ ನಮಗೆ ಮಾತಿದೆ, ಊರಿನ ನೀರು-ವಿದ್ಯುತ್ತಿನ ಬಗ್ಗೆ ಮಾತಿಲ್ಲ ಎಂಬ ಆರೋಪಕ್ಕೆ ನಾವು ಅವಕಾಶ ಕೊಡಬಾರದು. ಬತ್ತಿದ ಕೊಳವೆಬಾವಿ ಯಾರ ಜಾತಿ-ಧರ್ಮವನ್ನೂ ಕೇಳುವುದಿಲ್ಲ.

ಹರಿಯುವ ಹೊಳೆಯ ದಡದಲ್ಲಿ ಕುಳಿತು ವುಝೂ ಮಾಡುವಾಗಲೂ ನೀರನ್ನು ದುಂದು ಮಾಡಬಾರದೆಂಬ ಪ್ರವಾದಿ(ಸ)ರ ಬೋಧನೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಆ ಮಕ್ಕಳ ಕೈಯಲ್ಲಿಂದು ಮೊಬೈಲಿದೆ. ಹಬ್ಬದ ಶುಭಾಶಯಕ್ಕೆ ಹತ್ತು ಚಿತ್ರ, ತಮಾಷೆಗೆ ಇಪ್ಪತ್ತು ವೀಡಿಯೊ ಯಂತ್ರದಿಂದ ಬರೆಸಿ ಅಳಿಸುವಾಗ ದೂರದಲ್ಲೆಲ್ಲೋ ಒಂದು ನಲ್ಲಿ ತೆರೆದೇ ಇರುತ್ತದೆಂದು ಅವರಿಗೆ ತಿಳಿಹೇಳುವುದು ಹೆತ್ತವರ ಹೊಣೆ. ಆದರೆ ಮನೆಯ ಮಿತವ್ಯಯ ಸರಕಾರದ ಮತ್ತು ಕಂಪೆನಿಗಳ ಲೆಕ್ಕಕ್ಕೆ ಬದಲಿಯಾಗದು. ನಾವು ಹನಿ ಉಳಿಸುತ್ತಿರುವಾಗ ಅವರು ಕೆರೆ ಖಾಲಿ ಮಾಡಿದರೆ ಆ ಉಳಿತಾಯಕ್ಕೆ ಅರ್ಥವಿಲ್ಲ.

1902ರಲ್ಲಿ ತಂತಿ ಬಂದಾಗ ಅದು ಯಾರಿಗಾಗಿ ಬಂತೆಂದು ಕೇಳುವ ಹಕ್ಕು ನಮ್ಮ ಪೂರ್ವಜರಿಗಿರಲಿಲ್ಲ. ಆಳುತ್ತಿದ್ದವರು ಅರಸರು, ಅಗೆಸುತ್ತಿದ್ದವರು ಆಂಗ್ಲರು. ಇಂದು ಕೇಳುವ ಹಕ್ಕು ನಮಗಿದೆ. ಕೇಳದೆ ಸುಮ್ಮನಿದ್ದರೆ ನಾಳೆಯ ದಿಬ್ಬಕ್ಕೆ ನಾವೂ ಹೊಣೆಗಾರರೇ.