ಎಚ್ಚರಿಕೆಯೂ ಜನರ ನುಡಿಯಲ್ಲಿರಲಿ



2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ನದಿಗಳು ಒಟ್ಟಿಗೇ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳನ್ನು ಮುಳುಗಿಸಿದ್ದನ್ನು ನಮ್ಮ ಓದುಗರಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ಆಗ ಮಠಗಳು ಬಾಗಿಲು ತೆರೆದವು, ದಾಸೋಹ ನಡೆಸಿದವು. ಅದು ನೀರು ಊರು ಹೊಕ್ಕ ಮೇಲಿನ ಸೇವೆ. ಅದಕ್ಕೂ ಮೊದಲಿನ ಕೆಲಸವೊಂದಿದೆ.

ಅಣೆಕಟ್ಟೆಯಿಂದ ನೀರು ಬಿಡುವಾಗ ಪ್ರಕಟಣೆ ಹೊರಡುತ್ತದೆ: ಇಷ್ಟು ಕ್ಯೂಸೆಕ್ ಬಿಡಲಾಗುವುದು, ನದಿಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್. ಎಂಜಿನಿಯರಿಗೆ ಇಷ್ಟು ಸಾಕು. ರೈತನಿಗೆ ಬೇಕಾದದ್ದೇ ಬೇರೆ. ನೀರು ನಮ್ಮೂರಿಗೆ ಎಷ್ಟು ಹೊತ್ತಿಗೆ ಬರುತ್ತದೆ? ಹನುಮಪ್ಪನ ಗುಡಿ ಕಟ್ಟೆಯವರೆಗೋ, ಶಾಲೆಯವರೆಗೋ? ದನ ಎಲ್ಲಿಗೆ ಹೊಡೆಯಬೇಕು? ಇದನ್ನು ಬಿಡಿಸಿ ಹೇಳುವವರು ನಡುವೆ ಯಾರೂ ಇಲ್ಲ. (ಸುತ್ತೋಲೆಗಳ ಕನ್ನಡವನ್ನು ಸರ್ಕಾರಿ ಸೇವೆಯಲ್ಲಿದ್ದ ನಾನೂ ಎರಡೆರಡು ಸಲ ಓದಬೇಕಾಗುತ್ತದೆ.)

ಹನ್ನೆರಡನೆಯ ಶತಮಾನದಲ್ಲಿ ಶರಣರು ಅರಿವನ್ನು ಆಡುಗನ್ನಡಕ್ಕೆ ತಂದರು. ಅಷ್ಟೇ ಅಲ್ಲ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯನವರ ಮಾತಿಗೂ ಅನುಭವ ಮಂಟಪದಲ್ಲಿ ಸ್ಥಾನವಿತ್ತು. ಇಂದು ಹೊಳೆಯ ನಡತೆ ಬಲ್ಲ ಅಂಬಿಗನನ್ನು ಯಾವ ಸಭೆಗೆ ಕರೆಯುತ್ತಿದ್ದೇವೆ?

ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10 ಸಾವಿರ ಜನ ಬಲಿಯಾದರು. 2013ರಲ್ಲಿ ಫೈಲಿನ್ ಅಪ್ಪಳಿಸಿದಾಗ ಸಾವು ನೂರನ್ನೂ ಮುಟ್ಟಲಿಲ್ಲ. ನಡುವಿನ ವರ್ಷಗಳಲ್ಲಿ ಆಶ್ರಯ ಕಟ್ಟಡಗಳು ಎದ್ದಿದ್ದವು, ನಿಜ. ಆದರೆ ಲಕ್ಷಾಂತರ ಜನ ಮೊದಲೇ ಮನೆ ಬಿಟ್ಟು ಹೊರಟದ್ದು ಹೇಳಿದವರ ಮೇಲೆ ನಂಬಿಕೆ ಇದ್ದುದರಿಂದ.

ನಮ್ಮ ತೊಡಕು ಇರುವುದೂ ಇಲ್ಲಿಯೇ. ಎಷ್ಟೋ ಊರುಗಳಲ್ಲಿ ಹೊಳೆಯಂಚಿನ ತಗ್ಗಿನಲ್ಲಿರುವುದು ಬಡವರ, ದಲಿತರ ಕೇರಿ. ನೀರು ಮೊದಲು ಮುಟ್ಟುವ ಮನೆಗೆ ಸುದ್ದಿ ಮುಟ್ಟುವುದು ಕೊನೆಗೆ. ನಮ್ಮ ಶಿವಾನುಭವ ಗೋಷ್ಠಿಗಳಿಗೆ ಆ ಕೇರಿಯವರು ಎಷ್ಟು ಜನ ಬರುತ್ತಾರೆ? ವರ್ಷವಿಡೀ ಮಾತಾಡಿಸದವರು ನಡುರಾತ್ರಿ ಬಂದು "ಏಳ್ರಿ, ಹೊಳಿ ಬಂತು" ಅಂದರೆ ಯಾರು ನಂಬಿಯಾರು?

ಹೊಳೆಸಾಲಿನ ಮಠಗಳ ಪೂಜ್ಯರಲ್ಲಿ ಒಂದು ಅರಿಕೆ. ಮೇ ತಿಂಗಳ ಗೋಷ್ಠಿಯನ್ನು ಆ ಕೇರಿಯಲ್ಲೇ ನಡೆಸಬೇಕು. ನೀರಾವರಿ ಎಂಜಿನಿಯರನ್ನೂ ಪಂಚಾಯಿತಿಯವರನ್ನೂ ಕರೆಸಿ, ಊರವರು ಕೇಳಲಿ, ಅವರು ಉತ್ತರಿಸಲಿ. ಹಿಂದಿನ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಶಾಲೆಯ ಗೋಡೆಗೆ ಬಣ್ಣದಲ್ಲಿ ಗೆರೆ ಎಳೆದು ಇಸವಿ ಬರೆಯಿರಿ. ಮುದುಕರು, ಬಾಣಂತಿಯರು ಇರುವ ಮನೆಗಳ ಬಾಗಿಲು ಬಡಿಯುವವರು ಯಾರೆಂಬುದು ಅಂದೇ ತೀರ್ಮಾನವಾಗಲಿ.