ಒಂದೇ ಅಂಕಿ ಕೇಳಿದರೆ

ಚಂಡಮಾರುತ ಹತ್ತಿರವಾದಾಗ ಅಧಿಕಾರಿಯಿಂದ ಹಿಡಿದು ಟಿವಿಯವರ ತನಕ ಎಲ್ಲರೂ ಕೇಳುವುದು ಇದನ್ನೇ: ಕಡಲು ಎಷ್ಟು ಮೀಟರ್ ಉಕ್ಕುತ್ತದೆ? ಆಮೇಲೆ ಆ ಅಂಕಿ ನಿಜವಾಯಿತೋ ಸುಳ್ಳಾಯಿತೋ ನೋಡಿ ಗಣಿತದ ಮಾದರಿಗೆ ಅಂಕ ಕೊಡುತ್ತೇವೆ. ಈ ಪರೀಕ್ಷೆಯೇ ಸರಿಯಿಲ್ಲ ಎಂಬುದು ನನ್ನ ತಕರಾರು.

ಸಮೀಕರಣಗಳಲ್ಲಿ ಗುಟ್ಟೇನೂ ಇಲ್ಲ. ವಾಯುಭಾರ ಒಂದು ಮಿಲಿಬಾರ್ ಕುಸಿದರೆ ಕಡಲಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ನೂರು ಕುಸಿದರೂ ಒಂದು ಮೀಟರ್ ಅಷ್ಟೆ. ಉಳಿದ ಅನಾಹುತ ಬಹುಪಾಲು ಗಾಳಿಯದು. ಅದರ ವೇಗ ಎರಡರಷ್ಟಾದರೆ ನೀರನ್ನು ತಳ್ಳುವ ಬಲ ಹೆಚ್ಚುಕಡಿಮೆ ನಾಲ್ಕರಷ್ಟು. ಆಳದ ಕಡಲಲ್ಲಾದರೆ ತಳ್ಳಿಸಿಕೊಂಡ ನೀರು ಅಡಿಯಿಂದ ವಾಪಸು ಹರಿದುಹೋಗುತ್ತದೆ. ಬಂಗಾಳ ಕೊಲ್ಲಿಯ ಉತ್ತರ ತುದಿಯಲ್ಲಿ ಆಳವೂ ಕಡಿಮೆ, ದಡಗಳೂ ಎರಡು ಕಡೆಯಿಂದ ಒತ್ತಿಕೊಂಡು ಬರುತ್ತವೆ; ನೀರಿಗೆ ಮೇಲೇರದೆ ಗತಿಯಿಲ್ಲ. 1970ರ ಭೋಲಾ ಚಂಡಮಾರುತದಲ್ಲಿ, ಈಗಿನ ಬಾಂಗ್ಲಾದೇಶದಲ್ಲಿ, ಲಕ್ಷಗಟ್ಟಲೆ ಜನ ಸತ್ತದ್ದು ಮುಖ್ಯವಾಗಿ ಹೀಗೆ ಉಕ್ಕಿದ ನೀರಿನಿಂದ.

ತೊಡಕಿರುವುದು ಗಾಳಿಯ ದಾರಿಯಲ್ಲಿ. ನಮ್ಮ ಗೋಳಾರ್ಧದಲ್ಲಿ ಚಂಡಮಾರುತ ಅಪ್ರದಕ್ಷಿಣವಾಗಿ ಸುತ್ತುತ್ತದೆ. ಒಡಿಶಾದ ಗೋಪಾಲಪುರದಲ್ಲಿ ಅದು ದಡ ಮುಟ್ಟಿದರೆ ಬಲಕ್ಕಿರುವ ಚಿಲಿಕಾದ ಕಡೆ ಗಾಳಿ ಕಡಲಿನಿಂದ ನೆಲಕ್ಕೆ ಬೀಸಿ ನೀರನ್ನು ಒಳನುಗ್ಗಿಸುತ್ತದೆ. ಅದೇ ಚಂಡಮಾರುತ ತುಸು ಹೊರಳಿ ಪುರಿಗೆ ಬಂತೆನ್ನಿ, ಗೋಪಾಲಪುರ ಎಡಕ್ಕೆ ಬೀಳುತ್ತದೆ. ಅಲ್ಲಿ ನೀರು ಇಳಿದರೂ ಇಳಿಯಬಹುದು. 2017ರಲ್ಲಿ ಇರ್ಮಾ ಚಂಡಮಾರುತ ಬಂದಾಗ ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ನೀರು ಹಿಂದೆ ಸರಿದು ತಳ ಕಂಡಿತ್ತು. ದಾರಿಯ ಲೆಕ್ಕ ಒಂದಿಷ್ಟು ತಪ್ಪಿದರೆ ಪ್ಲಸ್ ಇದ್ದದ್ದು ಮೈನಸ್ ಆಗುತ್ತದೆ.

ನೀರಿನ ಏರಿಕೆಗೆ ಒಂದೇ ಅಂಕಿ ಹುಡುಕುವುದು ಎಲ್ಲ ಕಡೆಯೂ ತಪ್ಪಲ್ಲ. ನೆದರ್ಲೆಂಡ್ಸಿನ ಭೌತವಿಜ್ಞಾನಿ ಲೊರೆಂಟ್ಸ್, ಕಡಲತೋಳೊಂದಕ್ಕೆ ಒಡ್ಡು ಕಟ್ಟಿದರೆ ಹೊರಗೆ ನೀರು ಎಷ್ಟು ಏರೀತೆಂದು ತಿಳಿಯಲು 1918ರಿಂದ ಎಂಟು ವರ್ಷ ಸಮಿತಿ ನಡೆಸಿದರು. ಒಡ್ಡಿನ ಜಾಗ ಗೊತ್ತಿತ್ತು, ಪುರುಸೊತ್ತೂ ಇತ್ತು. ಚಂಡಮಾರುತ ಎರಡನ್ನೂ ಕೊಡುವುದಿಲ್ಲ. ಆದ್ದರಿಂದ ಹತ್ತಾರು ದಾರಿಗಳನ್ನು ಹಿಡಿದು ಲೆಕ್ಕ ಹಾಕಿ, ಪ್ರತಿ ಊರಿಗೂ ನೀರು ಎಷ್ಟರಿಂದ ಎಷ್ಟರವರೆಗೆ ಬರಬಹುದೆಂದು ಹೇಳುವ ಮಾದರಿಯನ್ನೇ ನಾನು ನಂಬುತ್ತೇನೆ.

ಹಾಗೆ ಮಾಡಿದರೆ ನೀರು ಬಾರದ ಊರುಗಳನ್ನೂ ಖಾಲಿ ಮಾಡಿಸಬೇಕಾಗುತ್ತದೆ, ಮುಂದಿನ ಸಲ ಜನ ಏಳುವುದಿಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ 1999ರ ಚಂಡಮಾರುತದಲ್ಲಿ ಒಡಿಶಾದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರ ಫೈಲಿನ್ ಚಂಡಮಾರುತಕ್ಕೆ ಮೊದಲು ಅಲ್ಲಿ ಲಕ್ಷಾಂತರ ಜನರನ್ನು ಸಾಗಿಸಿದ್ದರಿಂದ ಸಾವು ಐವತ್ತನ್ನೂ ಮುಟ್ಟಲಿಲ್ಲ. ಮೀನುಗಾರ ಮನೆ ಬಿಡಲು ಹಿಂಜರಿಯುವುದು ಗಣಿತದ ಮೇಲಿನ ಅಪನಂಬಿಕೆಯಿಂದಷ್ಟೇ ಅಲ್ಲ. ಬಲೆ, ದೋಣಿ, ಕಟ್ಟಿಹಾಕಿದ ದನ, ಅಂದಿನ ದುಡಿಮೆ ಎಲ್ಲ ಹಿಂದೆ ಉಳಿಯುತ್ತವೆ. ನೀರು ಬಾರದೆ ಹೋದ ದಿನದ ಕೂಲಿಯನ್ನೂ ಮುನ್ಸೂಚನೆಯ ಖರ್ಚಿನಲ್ಲೇ ಸೇರಿಸಿ, ಸರ್ಕಾರ ತುಂಬಿಕೊಡಬೇಕು.